ಎರಡನೆಯ ಜ್ವರ: ಮಂಗನ ಕಾಯಿಲೆಯ ಲಕ್ಷಣ, ಪೆಥಾಲಜಿ ಮತ್ತು ಆರೈಕೆ



ಅಪರೂಪದ ಕಾಯಿಲೆಯೊಂದರ ಕುರಿತು ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ನಿಬಂಧನೆ. ಎಲ್ಲಿ ನಿಂತು ಎಣಿಸುತ್ತೇವೆ ಎಂಬುದರ ಮೇಲೆ ಅಪರೂಪ ಎಂಬುದು ನಿಂತಿದೆ. ವರ್ಷಕ್ಕೆ ಸುಮಾರು ನಾನೂರು ಐನೂರು ಮಂದಿಗೆ ಬರುವ ಮಂಗನ ಕಾಯಿಲೆ ದೆಹಲಿಯ ಲೆಕ್ಕದಲ್ಲಿ ಒಂದು ಅಡಿಟಿಪ್ಪಣಿ. ಅದೇ ಮಾತನ್ನು 2019ರ ಜನವರಿಯಲ್ಲಿ ಸಾಗರ ತಾಲೂಕಿನ ಅರಳಗೋಡಿಗೆ ಹೋಗಿ ಹೇಳಿದ್ದರೆ ಕೇಳುವವರು ಸಿಗುತ್ತಿರಲಿಲ್ಲ. ಅಲ್ಲಿ ಮನೆಗೊಬ್ಬರು ಜ್ವರದಲ್ಲಿ ಮಲಗಿದ ಕಾಲ ಅದು.

ಕಾಡು ಕಡಿದದ್ದು, ಮಂಗ ಸತ್ತದ್ದು, ಉಣುಗು ಮನುಷ್ಯನಿಗೆ ಹತ್ತಿದ್ದು, ಇದೆಲ್ಲ ನಮ್ಮ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಪರಿಸರದವರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಪೆಥಾಲಜಿಯವನು, ಉಣುಗು ಕಚ್ಚಿದ ಮೇಲೆ ದೇಹದೊಳಗೆ ಏನಾಗುತ್ತದೆ, ಹಾಸಿಗೆಯ ಪಕ್ಕ ನಿಂತ ವೈದ್ಯನಿಗೆ ಅದು ಹೇಗೆ ಕಾಣುತ್ತದೆ, ಕಂಡದ್ದರಿಂದ ರೋಗಿಗೆ ಏನು ಪ್ರಯೋಜನ ಎಂಬಷ್ಟಕ್ಕೆ ನನ್ನ ಮಾತು ಸೀಮಿತ. ಈ ಕಾಯಿಲೆಯ ವೈರಸ್ಸನ್ನು ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ಹಾಗಾಗಿ ಲಕ್ಷಣಗಳನ್ನು ದಿನದಿನವೂ ಬಲ್ಲವನ ಕೈಯಲ್ಲಿ ರೋಗಿ ಉಳಿಯುವ ಸಾಧ್ಯತೆ ಹೆಚ್ಚು. ನಾನು ಇಲ್ಲಿ ವಾದಿಸಲು ಬಂದಿರುವುದು ಇದನ್ನೇ.

ಮೊದಲು ಸ್ವಲ್ಪ ಚರಿತ್ರೆ. 1957ರ ಬೇಸಿಗೆ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲೂಕು, ಕ್ಯಾಸನೂರು ಕಾಡು. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗಿ ಬಂದವರಿಗೆ ಒಮ್ಮೆಲೇ ಜ್ವರ, ತಲೆ ಸಿಡಿಯುವಂಥ ನೋವು, ಎದ್ದು ಕೂರಲಾಗದ ನಿತ್ರಾಣ. ಆರಂಭದಲ್ಲಿ ಇದನ್ನು ಟೈಫಾಯ್ಡ್ ಎಂದೇ ಶಂಕಿಸಿದ್ದರು. ಆ ಶಂಕೆಯನ್ನು ಈಗ ಹಗುರವಾಗಿ ನೋಡಬೇಕಾದ್ದಿಲ್ಲ. ಟೈಫಾಯ್ಡಿನಲ್ಲೂ ಜ್ವರ ಏರಿದಷ್ಟು ನಾಡಿ ಏರುವುದಿಲ್ಲ, ಅದರಲ್ಲೂ ಬಿಳಿ ರಕ್ತಕಣಗಳು ಇಳಿಯುತ್ತವೆ. ಥರ್ಮಾಮೀಟರು, ಗಡಿಯಾರ, ಒಂದು ಮೈಕ್ರೋಸ್ಕೋಪು ಇಷ್ಟೇ ಇದ್ದ ವೈದ್ಯ ಇನ್ನೇನು ಹೇಳಬೇಕಿತ್ತು? ಟೈಫಾಯ್ಡಿಗೆ ಎದ್ದು ಕಾಣುವಂತೆ ಹೊಂದದ ಸಂಗತಿ ಒಂದಿತ್ತು: ಅದೇ ಕಾಡಿನಲ್ಲಿ ಮುಸುವಗಳೂ ಕೆಂಪು ಮೋರೆಯ ಮಂಗಗಳೂ ಸತ್ತು ಬೀಳುತ್ತಿದ್ದವು.

ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ ಸಂಸ್ಥೆ ಅದು. ಅಲ್ಲಿನ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪಿಡೊ ಅವರಿಗೆ ಮಂಗ, ಮನುಷ್ಯ ಒಟ್ಟಿಗೆ ಸಾಯುತ್ತಿದ್ದಾರೆ ಎಂದೊಡನೆ ನೆನಪಾದದ್ದು ದಕ್ಷಿಣ ಅಮೆರಿಕದ ಕಾಡಿನ ಹಳದಿ ಜ್ವರ. ಭಾರತಕ್ಕೆ ಎಂದೂ ಬಾರದ ಜ್ವರ ಅದು. ಬಂದರೆ ಹರಡಲು ಬೇಕಾದ ಸೊಳ್ಳೆ ಮಾತ್ರ ಇಲ್ಲಿ ಊರೂರಲ್ಲಿದೆ. ಆ ದಿನಗಳಲ್ಲಿ ಎದ್ದ ದಿಗಿಲು ಸಣ್ಣದಲ್ಲ. ಸತ್ತ ಮಂಗಗಳಿಂದ, ರೋಗಿಗಳ ರಕ್ತದಿಂದ ವೈರಸ್ ತೆಗೆದು ನೋಡಿದಾಗ ಅದು ಹಳದಿ ಜ್ವರದ್ದಲ್ಲ ಎಂದು ತಿಳಿಯಿತು. ಆ ವೈರಸ್ಸಿನ ದೂರದ ಬಂಧು ನಿಜ. ಹತ್ತಿರದ ನೆಂಟಸ್ತಿಕೆ ಇದ್ದದ್ದು ರಷ್ಯಾದ ಚಳಿಗಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಜೊತೆ. ಮಲೆನಾಡಿನಲ್ಲಿ ಅದನ್ನು ಹೊತ್ತ ಮುಖ್ಯ ಉಣುಗು ಹಿಮಾಫೈಸಾಲಿಸ್ ಸ್ಪಿನಿಜೆರಾ. ಸೈಬೀರಿಯಾದ ವೈರಸ್ಸಿನ ಬಳಗ ಸೊರಬಕ್ಕೆ ಹೇಗೆ ಬಂತು ಎಂಬ ಪ್ರಶ್ನೆ ಎಷ್ಟು ಕಾಡಿತೆಂದರೆ ವಲಸೆ ಹಕ್ಕಿಗಳ ಮೇಲೂ ಸಂಶಯ ಬಿತ್ತು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಂಸ್ಥೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣವೂ ಬಂತು. ಕಾಯಿಲೆಯ ಸಂಶೋಧನೆಯಿಂದ ಪಕ್ಷಿಶಾಸ್ತ್ರಕ್ಕೆ ಲಾಭವಾದದ್ದು ಹೀಗೆ.

ಮೊದಲ ಊಹೆ ತಪ್ಪುವುದು ಈ ಕಾಯಿಲೆಯೊಂದರ ವಿಷಯವಲ್ಲ. ಅದೇ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಇನ್ನೊಂದು ವಿಚಿತ್ರ ಬೇನೆ ಬೆಳಕಿಗೆ ಬಂತು. ಹೆಚ್ಚಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡ ಕೂಲಿ ಕುಟುಂಬಗಳಲ್ಲಿ ಸೊಂಟದ ಕೀಲು ಸವೆದು, ನಡೆಯಲಾಗದೆ ಕೂತುಬಿಡುವ ಬೇನೆ. ಗದ್ದೆಯ ಏಡಿ ತಿನ್ನುವವರು, ಗದ್ದೆಗೆ ಕೀಟನಾಶಕ ಹೊಡೆಯುತ್ತಾರೆ, ಆದ್ದರಿಂದ ವಿಷ ಏಡಿಯ ಮೂಲಕ ಬಂತು ಎಂಬ ಅನುಮಾನ ಬಲವಾಗಿಯೇ ಇತ್ತು. ಎಕ್ಸ್‌ರೇ ಮತ್ತು ವಂಶಾವಳಿ ಬೇರೆಯೇ ಹೇಳಿದವು: ತೊಡೆ ಮೂಳೆಯ ತಲೆ ಚಪ್ಪಟೆ, ಕೆಲವರಲ್ಲಿ ಬೆನ್ನುಮೂಳೆಯ ಬಿಲ್ಲೆಗಳೂ ಚಪ್ಪಟೆ, ಕೆಲವರಲ್ಲಿ ಕುಳ್ಳು ದೇಹ, ಹೆತ್ತವರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಇಳಿಯಬಲ್ಲ ಆನುವಂಶಿಕ ಮೂಳೆ ಬೇನೆ. ಹಂದಿಗೋಡಿನ ಕಥೆಗೆ ಬೇರೆಯೇ ಉಪನ್ಯಾಸ ಬೇಕು. ಒಂದೇ ಜಿಲ್ಲೆಯ ಎರಡು ಕಾಯಿಲೆಗಳಲ್ಲಿ ಒಂದರ ಗುಟ್ಟು ರಕ್ತದಲ್ಲಿ, ಇನ್ನೊಂದರದು ಎಕ್ಸ್‌ರೇ ಫಿಲ್ಮಿನಲ್ಲಿ ಸಿಕ್ಕಿತು ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ.

ಈಗ ರೋಗಿಯ ಬಳಿಗೆ ಬರೋಣ. ಮಳೆಗಾಲ ಮುಗಿದ ಮೇಲೆ ತರಗೆಲೆಗಳ ನಡುವೆ ಉಣುಗಿನ ಮರಿಗಳು ಹುಟ್ಟುತ್ತವೆ. ಅವು ಬೆಳೆದು ಎಂಟು ಕಾಲಿನ ಎಳೆ ಉಣುಗಾಗಿ ಕಾಡಿನ ನೆಲದಲ್ಲಿ ತುಂಬಿರುವುದು ಜನವರಿಯಿಂದ ಬೇಸಿಗೆಯವರೆಗೆ. ಮನುಷ್ಯನನ್ನು ಕಚ್ಚುವುದು ಬಹುಪಾಲು ಈ ಎಳೆಯವೇ. ಸಾಸಿವೆಯಷ್ಟು ಸಣ್ಣವು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆದ್ದರಿಂದ ‘ಉಣುಗು ಕಚ್ಚಿತ್ತಾ’ ಎಂದು ಕೇಳಿ, ಇಲ್ಲವೆಂದರೆ ಕಾಯಿಲೆಯನ್ನು ಪಟ್ಟಿಯಿಂದ ತೆಗೆಯುವ ಕಿರಿಯ ವೈದ್ಯರಿಗೆ ನನ್ನ ವಿನಂತಿ: ‘ದರಕು ಗುಡಿಸಲು ಹೋಗಿದ್ರಾ, ಸೊಪ್ಪು ತರಲು ಹೋಗಿದ್ರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ’ ಎಂದು ಕೇಳಿ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಕು ಅಂದರೆ ತರಗೆಲೆ, ಸೊಪ್ಪು ತರುವುದು ಮಲೆನಾಡಿನ ಬೇಸಾಯದ ನಿತ್ಯದ ಕೆಲಸ. ರೋಗಿ ಅದನ್ನು ಕಾಡಿಗೆ ಹೋಗಿದ್ದೆ ಎಂದು ಹೇಳುವುದೇ ಇಲ್ಲ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ. ಮೆಲ್ಲಗೆ ಏರುವ ಜ್ವರವಲ್ಲ. ಯಾವ ಹೊತ್ತಿಗೆ ಚಳಿ ಶುರುವಾಯಿತೆಂದು ರೋಗಿಯೇ ಹೇಳಬಲ್ಲ. ಹಣೆಯ ಭಾಗದಲ್ಲಿ ವಿಪರೀತ ತಲೆನೋವು. ಸೊಂಟ, ಮೀನಖಂಡಗಳಲ್ಲಿ ನೋವು. ಮೂರನೆಯ ದಿನದ ಹೊತ್ತಿಗೆ ವಾಂತಿ, ಭೇದಿ, ಬಿಡದ ಕೆಮ್ಮು. ಕಣ್ಣು ಕೆಂಪು, ಆದರೆ ಪಿಸುರಿಲ್ಲ. ನಾಡಿ ಹಿಡಿದವನಿಗೆ ಅಚ್ಚರಿ: ಮೈ 103 ಡಿಗ್ರಿ ಸುಡುತ್ತಿರುತ್ತದೆ, ನಾಡಿ ಎಂಬತ್ತನ್ನೂ ದಾಟದೆ ಇರಬಹುದು. ರಕ್ತದೊತ್ತಡ ತಗ್ಗಿರುತ್ತದೆ.

ಬಾಯಿ ತೆರೆಸಿ ಟಾರ್ಚ್ ಹಾಕಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕಿರುನಾಲಿಗೆಯ ಸುತ್ತ, ಮೃದು ಅಂಗುಳದ ಮೇಲೆ ಸಣ್ಣ ಸಣ್ಣ ಗುಳ್ಳೆಗಳು, ಕೆಲವು ನೀರು ತುಂಬಿದವು, ಕೆಲವು ಬರೀ ಕೆಂಪು ಉಬ್ಬು. ಹಳೆಯ ಕ್ಲಿನಿಕಲ್ ವರದಿಗಳಲ್ಲಿ ಈ ಗುಳ್ಳೆಗಳನ್ನು ಮಹತ್ವದ ಗುರುತಾಗಿ ಬರೆದಿಟ್ಟಿದ್ದಾರೆ. ಈಗಿನ ಕೇಸ್ ಶೀಟುಗಳಲ್ಲಿ ‘ಗಂಟಲು: ನಾರ್ಮಲ್’ ಎಂದು ಅಚ್ಚು ಹೊಡೆದಂತೆ ಇರುತ್ತದೆ. ನೋಡಿ ಬರೆದದ್ದೋ ನೋಡದೆ ಬರೆದದ್ದೋ ಅವರೇ ಹೇಳಬೇಕು. ಎಲ್ಲ ರೋಗಿಗಳಲ್ಲೂ ಗುಳ್ಳೆ ಇರುವುದಿಲ್ಲ, ಒಪ್ಪುತ್ತೇನೆ. ಇದ್ದಾಗ ಅದು ಬಿಟ್ಟಿ ಸಿಗುವ ಸಾಕ್ಷಿ. ಸೊರಬದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುತ್ತದೆ.

ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ. ಇನ್ನು ಕೆಲವರಿಗೆ ಕಪ್ಪು ಮಲ, ಕಫದಲ್ಲಿ ರಕ್ತ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳು ಮೂರು ಸಾವಿರಕ್ಕೂ ಕೆಳಗೆ ಇಳಿಯಬಹುದು, ಪ್ಲೇಟ್‌ಲೆಟ್ ಕುಸಿಯಬಹುದು, ಲಿವರ್ ಎನ್‌ಜೈಮ್‌ಗಳು ಏರಿರುತ್ತವೆ, ಮೂತ್ರದಲ್ಲಿ ಆಲ್ಬುಮಿನ್. ಹೆಚ್ಚಿನವರಲ್ಲಿ ಜ್ವರ ಒಂದೆರಡು ವಾರದಲ್ಲಿ ಇಳಿಯುತ್ತದೆ. ನಿತ್ರಾಣ ಮಾತ್ರ ತಿಂಗಳಾದರೂ ಬಿಡುವುದಿಲ್ಲ. ಕೂಲಿಯವನಿಗೆ ಅದು ಕಾಯಿಲೆಗಿಂತ ದೊಡ್ಡ ಹೊಡೆತ. ಸಾಯುವವರ ಪ್ರಮಾಣ ನೂರಕ್ಕೆ ಮೂರರಿಂದ ಐದು ಎನ್ನುತ್ತಾರೆ, ಕೆಲವು ವರ್ಷಗಳಲ್ಲಿ ಅದಕ್ಕಿಂತ ಹೆಚ್ಚು.

ಸತ್ತವರ ಒಳಗೆ ಏನಿತ್ತು? ಮೊದಲ ವರ್ಷಗಳಲ್ಲೇ ಮೂವರ ಶವಪರೀಕ್ಷೆಯ ವಿವರ ಪ್ರಕಟವಾಯಿತು. ಹಳ್ಳಿಯಲ್ಲಿ, ದುಃಖದಲ್ಲಿರುವ ಮನೆಯವರ ಒಪ್ಪಿಗೆ ಪಡೆದು ಶವಪರೀಕ್ಷೆ ಮಾಡುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಮೂರು ಎಂಬ ಸಂಖ್ಯೆ ಸಣ್ಣದಾಗಿ ಕಾಣುವುದಿಲ್ಲ. ಯಕೃತ್ತಿನಲ್ಲಿ, ಮೂತ್ರಪಿಂಡಗಳಲ್ಲಿ ಜೀವಕೋಶಗಳು ಹದಗೆಟ್ಟಿದ್ದವು. ಶ್ವಾಸಕೋಶದಲ್ಲಿ ರಕ್ತಸ್ರಾವದಿಂದ ಕೂಡಿದ ಉರಿಯೂತ. ಗುಲ್ಮ ಮತ್ತು ಯಕೃತ್ತಿನಲ್ಲಿ ಭಕ್ಷಕ ಕೋಶಗಳು ಹೆಚ್ಚಿದ್ದವು, ಮತ್ತು ಅವು ಕೆಂಪು ರಕ್ತಕಣಗಳನ್ನು ನುಂಗಿದ್ದು ಎದ್ದು ಕಾಣುತ್ತಿತ್ತು.

ಈ ಕೊನೆಯ ಸಂಗತಿಯ ಬಳಿ ಸ್ವಲ್ಪ ನಿಲ್ಲೋಣ. ಗುಲ್ಮದ ತೆಳು ಸೀಳಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಸಾಮಾನ್ಯವಾಗಿ ಭಕ್ಷಕ ಕೋಶದ ಒಳಗೆ ಮುದಿ ಕಣದ ಚೂರುಪಾರು ಅಲ್ಲೊಂದು ಇಲ್ಲೊಂದು ಕಾಣಬಹುದು. ಇಲ್ಲಿ ಕೋಶದ ಹೊಟ್ಟೆ ಉಬ್ಬಿ, ಒಳಗೆ ಇಡೀ ಇಡೀ ಕೆಂಪು ಕಣಗಳು ಕಿತ್ತಳೆ ಬಣ್ಣದ ಬಿಲ್ಲೆಗಳಾಗಿ ಒತ್ತೊತ್ತಾಗಿ ಕೂತಿರುತ್ತವೆ. ಕೋಶಕೇಂದ್ರ ಒಂದು ಅಂಚಿಗೆ ಸರಿದಿರುತ್ತದೆ. ಕಣಜಕ್ಕೆ ಕಾವಲಿಟ್ಟವನೇ ಭತ್ತ ತಿನ್ನಲು ಕೂತಂತೆ. ಟೈಫಾಯ್ಡಿನಲ್ಲೂ ಇದು ಒಂದಿಷ್ಟು ಕಾಣುವುದುಂಟು. ಸ್ಲೈಡ್ ಒಂದರಿಂದಲೇ ರೋಗನಿರ್ಣಯ ಮಾಡಲು ಹೋಗಬಾರದು. ಆದರೆ ರಕ್ತಕಣಗಳು ಕಡಿಮೆಯಾಗಲು ರಕ್ತಸ್ರಾವವೊಂದೇ ಕಾರಣವಲ್ಲ, ದೇಹದೊಳಗೇ ಅವುಗಳ ನಾಶ ನಡೆದಿದೆ ಎಂಬುದಕ್ಕೆ ಇದು ಕಣ್ಣೆದುರಿನ ಪುರಾವೆ.

ಆ ಶ್ವಾಸಕೋಶದ ಚಿತ್ರವೂ ಹಾಸಿಗೆಯ ಬಳಿ ಕೆಲಸಕ್ಕೆ ಬರುತ್ತದೆ. ರಕ್ತದೊತ್ತಡ ತಗ್ಗಿದೆ ಎಂದು ಬಾಟಲಿಯ ಮೇಲೆ ಬಾಟಲಿ ಡ್ರಿಪ್ ಹಾಕುವುದು ನಮ್ಮ ಕಡೆಯ ರೂಢಿ. ಒಳಗೆ ಶ್ವಾಸಕೋಶವೇ ರಕ್ತದಲ್ಲಿ ನೆನೆದಿರುವ ಸಾಧ್ಯತೆ ಇದ್ದಾಗ, ಹಾಕಿದ ನೀರು ಅಲ್ಲಿ ಹೋಗಿ ನಿಂತರೆ ರೋಗಿ ಉಸಿರಿಗೆ ಒದ್ದಾಡುತ್ತಾನೆ. ಡ್ರಿಪ್ ಬೇಕು, ಗಂಟೆಗೊಮ್ಮೆ ಉಸಿರಾಟ ಎಣಿಸಿ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಮೂತ್ರ ಅಳೆದು ಕೊಡಬೇಕು. 1957ರ ಸುಮಾರಿಗೆ ಶವದಲ್ಲಿ ಕಂಡದ್ದು ಇವತ್ತು ಡ್ರಿಪ್‌ನ ವೇಗ ನಿರ್ಧರಿಸುತ್ತದೆ. ಪೆಥಾಲಜಿಯವರು ಸತ್ತವರ ವೈದ್ಯರು ಎಂದು ನಗೆಯಾಡುವ ಗೆಳೆಯರಿಗೆ ನಾನು ಕೊಡುವ ಉತ್ತರ ಇದು.

ಈಗ ನನ್ನ ಶೀರ್ಷಿಕೆಗೆ ಬರುತ್ತೇನೆ. ಜ್ವರ ಬಿಟ್ಟಿತು, ಗಂಜಿ ಕುಡಿದ, ಮನೆಗೆ ಹೋದ. ಒಂದರಿಂದ ಎರಡು ವಾರ ನೆಮ್ಮದಿ. ಆಮೇಲೆ, ಮೂರನೆಯ ವಾರದ ಆಸುಪಾಸಿನಲ್ಲಿ, ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಮರಳುತ್ತದೆ. ಈ ಬಾರಿ ಮೂಗು ಒಸಡಿನ ಮಾತಿಲ್ಲ. ಬಾಣ ಮಿದುಳಿನ ಕಡೆಗೆ. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ, ಕಣ್ಣು ಮಂಜು, ಮಾತಿನಲ್ಲಿ ಗೊಂದಲ, ಕೆಲವರಲ್ಲಿ ಫಿಟ್ಸ್. 1961ರಲ್ಲಿ ವೆಬ್ ಮತ್ತು ಲಕ್ಷ್ಮಣರಾವ್ ಪ್ರಕಟಿಸಿದ ಕ್ಲಿನಿಕಲ್ ಅಧ್ಯಯನದಲ್ಲಿ ನರಮಂಡಲದ ಈ ತೊಡಕುಗಳು ವಿವರವಾಗಿ ಬಂದಿವೆ; 1975ರಲ್ಲಿ ವಾಡಿಯಾ ಮತ್ತೆ ಅದೇ ವಿಷಯ ಕೈಗೆತ್ತಿಕೊಂಡರು. ಬೆಳ್ತಂಗಡಿ ಸೀಮೆಯಲ್ಲಿ 1982ರ ನಂತರ ಕಾಯಿಲೆ ಎದ್ದಾಗ ದಕ್ಷಿಣ ಕನ್ನಡದ ವೈದ್ಯರಿಗೂ ಇದರ ಅನುಭವವಾಯಿತು. ಅಲ್ಲಿಂದ ಬಂದ, ನೂರು ರೋಗಿಗಳನ್ನು ಕುರಿತ 1993ರ ಲೇಖನವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಓದಿರಬೇಕು.

ಈ ವೈರಸ್ಸಿನ ಬಳಗದ ಇತರರನ್ನು ನೋಡಿದರೆ ಈ ಎರಡು ಮುಖ ಅರ್ಥವಾಗುತ್ತದೆ. ರಷ್ಯಾದ ಉಣುಗು ಜ್ವರ ಮುಖ್ಯವಾಗಿ ಮಿದುಳಿನ ಕಾಯಿಲೆ. ಪಶ್ಚಿಮ ಸೈಬೀರಿಯಾದ ಓಮ್ಸ್ಕ್ ಜ್ವರ ಮುಖ್ಯವಾಗಿ ರಕ್ತಸ್ರಾವದ ಕಾಯಿಲೆ. ಸೌದಿ ಅರೇಬಿಯಾದಲ್ಲಿ 1995ರಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ನಮ್ಮದಕ್ಕೆ ಅತಿ ಹತ್ತಿರದ್ದು, ಅದರಲ್ಲೂ ರಕ್ತಸ್ರಾವ ಮತ್ತು ಮಿದುಳು ಜ್ವರ ಎರಡೂ ಉಂಟು. ನಮ್ಮ ರೋಗಿಯಲ್ಲಿ ಮೊದಲು ಒಂದು ಮುಖ, ಬಿಡುವು ಕೊಟ್ಟು ಇನ್ನೊಂದು.

ಎರಡನೆಯ ಜ್ವರ ಬಂದಾಗ ಇನ್ನೊಂದು ತೊಡಕಿದೆ. ವೈರಸ್ ರಕ್ತದಲ್ಲಿ ಸಿಗುವುದು ಮೊದಲ ಹತ್ತು ಹನ್ನೆರಡು ದಿನ ಮಾತ್ರ. ಆಗ ಪಿಸಿಆರ್ ಮಾಡಿಸಿದರೆ ಹಿಡಿಯುತ್ತದೆ. ಮೂರನೆಯ ವಾರ ಮಿದುಳು ಜ್ವರದಲ್ಲಿ ಬಂದ ರೋಗಿಗೆ ಪಿಸಿಆರ್ ಮಾಡಿ ‘ನೆಗೆಟಿವ್’ ಎಂದು ಕೈ ತೊಳೆದುಕೊಂಡರೆ ಪರೀಕ್ಷೆಯ ತಪ್ಪಲ್ಲ, ಕೇಳಿದವರ ತಪ್ಪು. ಆಗ ಬೇಕಾದ್ದು ಐಜಿಎಂ ಪ್ರತಿಕಾಯದ ಪರೀಕ್ಷೆ. ಇವೆರಡೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಸಿದ್ಧವಾಗಿ 2012ರ ಸುಮಾರಿಗೆ ಬಳಕೆಗೆ ಬಂದವು. ಅದಕ್ಕೆ ಮೊದಲು ಇಲಿಮರಿಗಳ ಮಿದುಳಿಗೆ ರಕ್ತ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. ಆ ಕೆಲಸದಲ್ಲಿ ಪ್ರಯೋಗಾಲಯದವರಿಗೇ ಸೋಂಕು ತಗುಲಿದ್ದು ಒಮ್ಮೆಯಲ್ಲ. ರೋಗಿಯ ಹಾಸಿಗೆಯ ಬಳಿ ಅಂಥ ಅಪಾಯವಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಮನೆಯವರು ರೋಗಿಯನ್ನು ಮುಟ್ಟಲು ಹೆದರಬೇಕಾಗಿಲ್ಲ ಎಂದು ನಾವೇ ಮುಂದಾಗಿ ಹೇಳಬೇಕು.

ಯಾವುದರ ಜೊತೆ ಗೊಂದಲವಾಗುತ್ತದೆ? ಈಗಂತೂ ಎಲ್ಲಕ್ಕೂ ಮೊದಲು ಡೆಂಗ್ಯೂ. ಪ್ಲೇಟ್‌ಲೆಟ್ ಇಳಿದ ಜ್ವರವೆಲ್ಲ ಡೆಂಗ್ಯೂ ಎಂಬ ನಂಬಿಕೆ ವೈದ್ಯರಲ್ಲೂ ಬೇರೂರಿದೆ. ಎರಡೂ ಫ್ಲೇವಿವೈರಸ್‌ಗಳಾದ್ದರಿಂದ ಪ್ರತಿಕಾಯದ ಪರೀಕ್ಷೆಯೂ ಕೆಲವೊಮ್ಮೆ ಮೋಸ ಮಾಡಬಹುದು. ಡೆಂಗ್ಯೂ ಮಳೆಯ ಬೆನ್ನಿಗೆ ಬರುತ್ತದೆ, ಮಂಗನ ಕಾಯಿಲೆ ಒಣ ತಿಂಗಳುಗಳಲ್ಲಿ. ಇಲಿಜ್ವರವೂ ಸ್ಕ್ರಬ್ ಟೈಫಸ್ಸೂ ಅದೇ ಕಾಡು ಗದ್ದೆಗಳ ಜನಕ್ಕೇ ಬರುತ್ತವೆ. ಸ್ಕ್ರಬ್ ಟೈಫಸ್ಸಿನಲ್ಲಿ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇರಬಹುದು. ಕಂಕುಳು, ತೊಡೆಸಂದು, ಸೀರೆ ಪಂಚೆ ಕಟ್ಟುವ ಜಾಗ ಹುಡುಕಬೇಕು. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧ ಇದೆ. ಸಂಶಯವಿದ್ದರೆ ವರದಿಗೆ ಕಾಯದೆ ಅದನ್ನು ಶುರು ಮಾಡುವುದು ನನಗೆ ಸರಿ ಕಾಣುತ್ತದೆ. ಮದ್ದಿಲ್ಲದ ಕಾಯಿಲೆಯ ಹೆಸರಿನಲ್ಲಿ ಮದ್ದಿರುವ ಕಾಯಿಲೆಯವನು ಸಾಯಬಾರದು.

ಮಂಗನ ಕಾಯಿಲೆಯ ಆರೈಕೆ ಹೇಳಲು ಸರಳ, ಮಾಡಲು ಸಿಬ್ಬಂದಿ ಬೇಕು. ಜ್ವರಕ್ಕೆ, ನೋವಿಗೆ ಪ್ಯಾರಸಿಟಮಾಲ್. ಆಸ್ಪಿರಿನ್, ಬ್ರೂಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಮೈಕೈ ನೋವಿಗೆ ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೊಂದು ಡೈಕ್ಲೊಫೆನಾಕ್ ಚುಚ್ಚಿಸಿಕೊಂಡು ಬರುವುದು ಸಾಮಾನ್ಯ, ಪ್ಲೇಟ್‌ಲೆಟ್ ಇಳಿದವನಿಗೆ ಚುಚ್ಚಿದ ಜಾಗದಲ್ಲೇ ರಕ್ತ ಕಟ್ಟುತ್ತದೆ. ರಕ್ತ ಸೋರುತ್ತಿದ್ದರೆ ರಕ್ತ ಅಥವಾ ಪ್ಲೇಟ್‌ಲೆಟ್. ಫಿಟ್ಸ್‌ಗೆ ಅದರ ಔಷಧ. ಮೇಲಿಂದ ಬ್ಯಾಕ್ಟೀರಿಯಾ ಸೋಂಕು ಸೇರಿದರೆ ಆಂಟಿಬಯೋಟಿಕ್. ನಿಗಾ, ನಿಗಾ, ಮತ್ತೆ ನಿಗಾ.

ಲಸಿಕೆಯ ಕಥೆ ಸಂತೋಷದ್ದಲ್ಲ. ಮೊದಲಿಗೆ ರಷ್ಯಾದ ಜ್ವರದ ವಿರುದ್ಧ ಇಲಿ ಮಿದುಳಿನಲ್ಲಿ ಮಾಡಿದ ಲಸಿಕೆಯನ್ನು ಶಿವಮೊಗ್ಗದಲ್ಲಿ ಪ್ರಯೋಗಿಸಿದರು, ಫಲ ಸಿಗಲಿಲ್ಲ. ಆಮೇಲೆ ನಮ್ಮ ವೈರಸ್ಸನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು ಮಾಡಿದ ಲಸಿಕೆ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷವರ್ಷವೂ. ಚುಚ್ಚಿದರೆ ವಿಪರೀತ ನೋವು. ಮೊದಲ ಡೋಸ್ ಪಡೆದವರು ಎರಡನೆಯದಕ್ಕೆ ಬರದಿರುವುದಕ್ಕೆ ಅದೂ ಒಂದು ಕಾರಣ. 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇಕಡ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡ 83ರಷ್ಟು. 2022ರ ನಂತರ ಆ ಲಸಿಕೆ ಕೊಡುವುದೇ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸದನ್ನು ತರುವ ಕೆಲಸದಲ್ಲಿವೆ. ಅದು ಬರುವವರೆಗೆ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ, ಉದ್ದ ತೋಳಿನ ಬಟ್ಟೆ, ಬಂದೊಡನೆ ಬಿಸಿನೀರಿನ ಸ್ನಾನ, ಇಷ್ಟೇ ರಕ್ಷಣೆ.

ಕಾಯಿಲೆ ಈಗ ಶಿವಮೊಗ್ಗದ್ದು ಮಾತ್ರವಲ್ಲ. ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ಅಲ್ಲಿನ ವೈದ್ಯರು 1957ರ ನಮ್ಮ ವೈದ್ಯರ ಸ್ಥಿತಿಯಲ್ಲೇ ಶುರು ಮಾಡಬೇಕಾಗಿಲ್ಲ. ಬರೆದಿಟ್ಟದ್ದು ಇದೆ, ತೆಗೆದು ಓದಬೇಕು.

ಈ ಸಭೆಯಲ್ಲಿರುವ ತಾಲೂಕು ಆಸ್ಪತ್ರೆಗಳ ವೈದ್ಯರಲ್ಲಿ ಒಂದು ಕೋರಿಕೆ ಇದೆ. ಜ್ವರ ಬಿಟ್ಟ ರೋಗಿಯನ್ನು ಮನೆಗೆ ಕಳಿಸುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರು ಮಾತ್ರ ಇರುತ್ತದೆ, ಅದೂ ಇಂಗ್ಲಿಷಿನಲ್ಲಿ. ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಿ: ಜ್ವರ ಶುರುವಾದ ದಿನದಿಂದ ಎಣಿಸಿ ಮೂರನೆಯ ವಾರ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಆ ದಿನಗಳಲ್ಲಿ ಮತ್ತೆ ಜ್ವರ, ತಲೆನೋವು, ಕೈನಡುಕ, ತಡವರಿಸುವ ಮಾತು ಕಂಡರೆ ರಾತ್ರಿಯಾಗಿದ್ದರೂ ಕರೆದುಕೊಂಡು ಬನ್ನಿ. ಆಮೇಲೆ ಆ ಚೀಟಿಯನ್ನು ರೋಗಿಗಷ್ಟೇ ಅಲ್ಲ, ಜೊತೆಗೆ ಬಂದವರಿಗೂ ಓದಿ ಹೇಳಿ.